ಚಿಕ್ಕ ದೋಣಿಗಳ ಪರವಾಗಿ

ಕುದಿಯುವ ಕಡಲ ನೀರಿಗೆ ಸೀಗಡಿ ಸುರಿದಾಗ ಏಳುವ ವಾಸನೆ ಅದು. ಉಪ್ಪು, ಹಬೆ, ಜೊತೆಗೆ ಒಂದಿಷ್ಟು ಡೀಸೆಲ್. ಚಿಕ್ಕಂದಿನಲ್ಲಿ ಲೀವೆ ಅಪ್ಪನ ಕುತ್ತಿಗೆಗೆ ಜೋತುಬಿದ್ದಾಗಲೆಲ್ಲ ಅದೇ ವಾಸನೆ. ಈಗ ಅದು ಬ್ರಸೆಲ್ಸಿನ ಐರೋಪ್ಯ ಸಂಸತ್ ಭವನದ ಲಿಫ್ಟಿನೊಳಗೆ ಓಮರ್ ಮಾಮನ ಕೈಗಳಿಂದ ಬರುತ್ತಿತ್ತು. ಬೆಳಿಗ್ಗೆ ಎದ್ದು ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದಿದ್ದನಂತೆ, ಹೋಗಿರಲಿಲ್ಲ.

"ವಾಸನೆ ಬರ್ತಿದೆಯೇನೆ ಲೀವೆ?" ಎಂದು ಮೆಲ್ಲಗೆ ಕೇಳಿದ.

ಇಲ್ಲವೆಂದು ಅವಳು ತಲೆಯಾಡಿಸಿದಳು. ಪಕ್ಕದಲ್ಲಿ ನಿಂತಿದ್ದ ಆರ್ನೋ ಮಾತ್ರ ಮೂಗರಳಿಸಿ, ಬರಲಿ ಬಿಡು, ಬಂದಷ್ಟೂ ಒಳ್ಳೆಯದು ಎಂದು ಫ್ರೆಂಚಿನಲ್ಲಿ ಹೇಳಿ ನಕ್ಕ.

ಆರ್ನೋ ಅವಳ ಕಚೇರಿಯ ಮುಖ್ಯಸ್ಥ. ದೊಡ್ಡ ಮೀನುಗಾರಿಕೆ ಹಡಗುಗಳ ಮಾಲೀಕರು ತಮ್ಮ ಮಾತನ್ನು ಸರ್ಕಾರದ ಕಿವಿಗೆ ಹಾಕಲು ನೇಮಿಸಿಕೊಂಡಿದ್ದ ಕಚೇರಿ ಅದು. ಈ ಕಸುಬಿಗೆ ಘನವಾದ ಹೆಸರುಗಳು ಬೇಕಾದಷ್ಟಿದ್ದವು: ಸಮಾಲೋಚನೆ, ಸಂಪರ್ಕ, ಹಿತಗಳ ಪ್ರತಿನಿಧಿತ್ವ. ಲೀವೆಯ ತಾಯಿ ಮಾತ್ರ ಸಾಯುವ ತನಕ, ನೀನು ಅಲ್ಲಿ ಮಾಡೋದಾದರೂ ಏನೇ ಎಂದು ಕೇಳುತ್ತಲೇ ಇದ್ದಳು. ಲೀವೆ ಪ್ರತಿ ಸಲವೂ ಬೇರೆ ಬೇರೆ ಉತ್ತರ ಕೊಡುತ್ತಿದ್ದಳು.

ಓಮರ್ ಲೆಹೈನ್ ಅವಳ ಊರಿನವನು. ನ್ಯೂಪೋರ್ಟಿನ ಬಂದರಿನಲ್ಲಿ ಅವನ ದೋಣಿ ಅವಳ ಅಪ್ಪನ ದೋಣಿಯ ಪಕ್ಕದಲ್ಲೇ ನಿಲ್ಲುತ್ತಿತ್ತು. ಸೀಗಡಿ ಹಿಡಿಯುವ ಸಣ್ಣ ದೋಣಿಗಳವರು ಈಗ ಉಳಿದಿದ್ದೇ ಬೆರಳೆಣಿಕೆಯಷ್ಟು ಜನ. ಅವರೆಲ್ಲರ ಪರವಾಗಿ ಮಾತಾಡಲು ಅವನನ್ನು ಕರೆಸಿದ್ದರು. ಸಂಸತ್ತಿಗೆ ಹೋಗುವುದೆಂದು ಅವನು ಕರಿ ಸೂಟು ಇಸ್ತ್ರಿ ಮಾಡಿಸಿ ಹಾಕಿಕೊಂಡು ಬಂದಿದ್ದ. ಆರ್ನೋ ಅದನ್ನು ನೋಡಿ ಮುಖ ಸಿಂಡರಿಸಿ, ಅಂಗಡಿಯಿಂದ ತರಿಸಿಟ್ಟಿದ್ದ ಮೀನುಗಾರರ ನೀಲಿ ಅಂಗಿಯನ್ನು ಮುಂದೆ ಹಿಡಿದ. ಓಮರ್ ಕೋಟು ಕಳಚಿ, ಅದನ್ನು ತನ್ನ ಶರ್ಟಿನ ಮೇಲೆಯೇ ತೊಟ್ಟುಕೊಂಡ. ಬೆಲೆಚೀಟಿ ಹರಿದ ದಾರ ಇನ್ನೂ ಕಾಲರಿನಲ್ಲಿ ನೇತಾಡುತ್ತಿತ್ತು. ಕೋಟು ತೆಗೆದಿಡುವ ಕಡೆ ಇದ್ದ ಹೆಂಗಸು ಅದನ್ನು ಕಂಡು ಕತ್ತರಿ ತಂದು ದಾರ ಕತ್ತರಿಸಿದಳು. ಸೂಟಿನ ಕೋಟನ್ನು ಮಡಿಕೆ ಕೆಡದಂತೆ ಮರದ ಹ್ಯಾಂಗರಿಗೆ ಹಾಕಿದಳು. ಅವತ್ತು ಆ ಕಟ್ಟಡದಲ್ಲಿ ಅವನನ್ನು ಮನುಷ್ಯನಂತೆ ಕಂಡವರಲ್ಲಿ ಅವಳೇ ಮೊದಲನೆಯವಳು.

ಪದ್ಧತಿ ಹಳೆಯದು. ದೊಡ್ಡವರು ತಮಗೇನಾದರೂ ಬೇಕಾದಾಗ ತಾವು ಬರುವುದಿಲ್ಲ, ಒಬ್ಬ ಚಿಕ್ಕವನನ್ನು ಕಳಿಸುತ್ತಾರೆ. ಬ್ಯಾಂಕಿನವರು ಬೇಕರಿಯವನನ್ನು ತರುತ್ತಾರೆ, ಕೀಟನಾಶಕ ಮಾರುವವರು ಎಲ್ಲಿಂದಲೋ ಒಬ್ಬ ತೋಟದವನನ್ನು ಹುಡುಕಿ ತರುತ್ತಾರೆ. ಸಂಸತ್ತಿನ ಸದಸ್ಯರನ್ನು ಬೆಳಗಿನ ಉಪಾಹಾರಕ್ಕೆ ಕರೆದು ಆ ಚಿಕ್ಕವನನ್ನು ಎದುರಿಗೆ ಕೂರಿಸಿದರೆ ಅರ್ಧ ಕೆಲಸ ಮುಗಿದಂತೆ. ಕಚೇರಿಯಲ್ಲಿ ಇಂಥವರಿಗೆ ಇಟ್ಟ ಹೆಸರು 'ಮುಖ'. ಈ ಸಲ ಮುಖ ಸಿಕ್ಕಿತಾ ಎಂದು ಆರ್ನೋ ಕೇಳಿದ್ದ. ಸಿಕ್ಕಿದೆ, ನಮ್ಮೂರಿನದೇ ಎಂದು ಲೀವೆ ಹೇಳಿದ್ದಳು.

ಕೆಲಸ ಇಷ್ಟು. ದಡದ ಸಮೀಪದ ಕಡಲಿನಲ್ಲಿ ತಳ ಕೆರೆಯುವ ಬಲೆಗಳನ್ನು ನಿಷೇಧಿಸುವ ಕಾನೂನು ಬರುವುದರಲ್ಲಿತ್ತು. ಅದನ್ನು ಬರೆಯುತ್ತಿದ್ದವಳು ರಾಂತಾಕಾರಿ ಎಂಬ ಫಿನ್ಲೆಂಡಿನ ಸದಸ್ಯೆ. ಕರಡಿನಲ್ಲಿ ಮೊದಲು ಒಂದು ಸಾಲಿತ್ತು: ಚಿಕ್ಕ ದೋಣಿಗಳಿಗೆ, ಅವುಗಳ ಹಗುರ ಬಲೆಗಳಿಗೆ ಈ ನಿಷೇಧ ತಟ್ಟುವುದಿಲ್ಲ. ಆ ಸಾಲು ಇದ್ದರೆ ಕಾನೂನಿಗೆ ಬಡವರ ವಿರೋಧವೇ ಇರುತ್ತಿರಲಿಲ್ಲ, ದೊಡ್ಡ ಹಡಗುಗಳು ಒಂಟಿಯಾಗುತ್ತಿದ್ದವು. ಹಾಗಾಗಿ ವಸಂತದಲ್ಲಿ ಲೀವೆ ಸದಸ್ಯರ ಕಚೇರಿಗಳಿಗೆಲ್ಲ ಹೋಗಿ, ಚಿಕ್ಕ ಮೀನುಗಾರರು ಸ್ವಾಭಿಮಾನಿಗಳು, ಅವರಿಗೆ ರಿಯಾಯಿತಿಯ ಭಿಕ್ಷೆ ಬೇಡವಂತೆ ಎಂದು ಹೇಳಿ ಬಂದಳು. ತನ್ನೂರಿನ ಮಾತು ಎಂದಳು. ಮೀನುಗಾರನ ಮಗಳು ಹೇಳಿದರೆ ಯಾರು ನಂಬುವುದಿಲ್ಲ? ಸಾಲು ಹೋಯಿತು. ಮರುವಾರವೇ ಊರಿಗೆ ಹೋಗಿ ಬಂದರಿನಲ್ಲಿ ನಿಂತು, ನೋಡಿ, ನಿಮ್ಮ ಬಲೆಗಳನ್ನೂ ಬಿಟ್ಟಿಲ್ಲ, ಈ ಕಾನೂನು ಬೀಳಲೇಬೇಕು ಎಂದಳು. ಅದನ್ನೂ ನಂಬಿದರು. ಕಾನೂನು ಬಿದ್ದರೆ ದೊಡ್ಡ ಹಡಗುಗಳು ದಡದ ತನಕ ಬಂದು ತಳ ಕೆರೆಯುತ್ತವೆ, ಓಮರನಿಗೆ ಸೀಗಡಿ ಇರುವುದಿಲ್ಲ. ಇದ್ದ ಹಾಗೆಯೇ ಪಾಸಾದರೆ ಅವನಿಗೆ ಬಲೆ ಇರುವುದಿಲ್ಲ. ಅವನು ಬದುಕಬೇಕಾದರೆ ಆ ಒಂದು ಸಾಲು ವಾಪಸ್ಸು ಬರಬೇಕಿತ್ತು, ಅದನ್ನು ಕೇಳಬೇಕೆಂಬುದೇ ಅವನಿಗೆ ಗೊತ್ತಿರಲಿಲ್ಲ.

ಉಪಾಹಾರದ ಕೋಣೆಯಲ್ಲಿ ಒಂದಷ್ಟು ಸದಸ್ಯರು ಬ್ರೆಡ್ಡಿನ ಚೂರುಗಳನ್ನು ತಟ್ಟೆಗೆ ಹಾಕಿಕೊಂಡು ಮೊಬೈಲು ನೋಡುತ್ತ ಕುಳಿತಿದ್ದರು. ಇಂಥ ಕೂಟಗಳಿಗೆ ಸಂಸತ್ತಿನ ಅನುವಾದಕರು ಬರುವುದಿಲ್ಲ. ಮಾತೆಲ್ಲ ಇಂಗ್ಲಿಷಿನಲ್ಲಿ, ಓಮರನಿಗೆ ಬರುವುದು ಅವನ ಕರಾವಳಿಯ ಫ್ಲೆಮಿಶ್ ಒಂದೇ. ಹಾಗಾಗಿ ಲೀವೆ ಪಕ್ಕದಲ್ಲಿ ಕೂತು ಎರಡೂ ಕಡೆ ಹೇಳಬೇಕಾಗಿತ್ತು. ಅದೂ ಆರ್ನೋನ ಲೆಕ್ಕಾಚಾರವೇ.

ಓಮರ್ ತನಗೆ ಬಾಯಿಪಾಠ ಮಾಡಿಸಿದ್ದ ಮಾತುಗಳನ್ನು ಅರ್ಧಕ್ಕೇ ಮರೆತ. ಮರೆತ ಮೇಲೆ ಚೆನ್ನಾಗಿ ಮಾತಾಡಿದ. ಬೆಳಗಿನ ಜಾವ ನೀರು ಯಾವ ಬಣ್ಣದಲ್ಲಿದ್ದರೆ ಎಲ್ಲಿ ಬಲೆ ಬಿಡಬೇಕು ಎಂದು ಕೈ ಆಡಿಸುತ್ತ ಹೇಳಿದ, ತನ್ನ ನಂತರ ದೋಣಿ ಹತ್ತುವವರು ಯಾರೂ ಇಲ್ಲವೆಂದ. ಮೊಬೈಲುಗಳು ಒಂದೊಂದಾಗಿ ಮೇಜಿನ ಮೇಲೆ ಮಲಗಿದವು. ಒಬ್ಬ ಸದಸ್ಯ ಕಣ್ಣೊರೆಸಿಕೊಂಡು, ತಕ್ಷಣವೇ ಇನ್ನೊಂದು ಕೇಕಿಗೆ ಕೈಹಾಕಿದ.

ಕೊನೆಗೆ ರಾಂತಾಕಾರಿ ಕನ್ನಡಕ ತೆಗೆದು ಮುಂದಕ್ಕೆ ಬಾಗಿದಳು. ದಣಿದ ಮುಖದ ಹೆಂಗಸು. ಲೀವೆಯನ್ನಲ್ಲ, ಓಮರನನ್ನೇ ನೋಡಿಕೊಂಡು ಕೇಳಿದಳು.

"ನಿಮಗೆ ರಿಯಾಯಿತಿ ಬೇಡ, ಎಲ್ಲರಿಗೂ ಒಂದೇ ಕಾನೂನು ಇರಲಿ ಅಂತ ನಿಮ್ಮ ಜನಾನೇ ಹೇಳಿದ್ರಂತೆ. ಅದು ನಿಜವಾ?"

ಓಮರ್ ಲೀವೆಯ ಕಡೆ ತಿರುಗಿದ. ಸ್ವಲ್ಪಸ್ವಲ್ಪ ಫ್ಲೆಮಿಶ್ ಬಲ್ಲ ಆರ್ನೋ ಕಾಫಿಯಲ್ಲಿ ಚಮಚ ಆಡಿಸುತ್ತಲೇ ಇದ್ದ.

"ನಿಮ್ಮ ಕಸುಬಿನ ಮೇಲೆ ನಿಮಗೆ ಹೆಮ್ಮೆ ಇದೆಯಾ ಅಂತ ಕೇಳ್ತಿದಾರೆ, ಮಾಮ," ಎಂದಳು ಲೀವೆ.

ಓಮರ್ ಬೆನ್ನು ನೆಟ್ಟಗೆ ಮಾಡಿ ಕೂತ. ರಾಂತಾಕಾರಿಯ ಕಣ್ಣಲ್ಲಿ ಕಣ್ಣಿಟ್ಟು, ನಿಧಾನವಾಗಿ, ಎರಡು ಸಲ ತಲೆಯಾಡಿಸಿದ. "ಹೌದಮ್ಮ," ಎಂದ.

ಆ ಹೌದನ್ನು ಅನುವಾದಿಸುವ ಅಗತ್ಯವೇ ಇರಲಿಲ್ಲ. ರಾಂತಾಕಾರಿ ಕನ್ನಡಕವನ್ನು ಡಬ್ಬಿಗೆ ಹಾಕಿಕೊಂಡಳು.

ಹೊರಗೆ ಬಂದಾಗ ಆರ್ನೋ ಲೀವೆಯ ಹೆಗಲು ತಟ್ಟಿ, ಇಂಥದ್ದನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ ಎಂದ. ಮುದುಕನಿಗೆ ಆ ಅಂಗಿ ಇಟ್ಟುಕೊಳ್ಳಲು ಹೇಳು ಎಂದೂ ಧಾರಾಳವಾಗಿ ಸೇರಿಸಿ, ಇನ್ನೊಂದು ಉಪಾಹಾರಕ್ಕೆ ಹೊರಟುಹೋದ. ಒಂದೊಂದು ಬೆಳಿಗ್ಗೆ ಅವನ ಹೊಟ್ಟೆಗೆ ಎರಡು ಮೂರು ಉಪಾಹಾರ ಬೀಳುತ್ತಿದ್ದವು. ಅವನ್ನೆಲ್ಲ ಅರಗಿಸಿಕೊಳ್ಳುವುದೇ ಅವನ ವಿದ್ಯೆ ಎಂದು ಲೀವೆಗೆ ಎಷ್ಟೋ ಸಲ ಅನಿಸಿತ್ತು. ಅವನನ್ನು ಹಾಗೆ ತಿರಸ್ಕರಿಸುವುದು ಅವಳಿಗೊಂದು ಅನುಕೂಲವೂ ಆಗಿತ್ತು. ಅವನಿಗಿಂತ ತಾನು ಒಂದು ಮೆಟ್ಟಿಲು ಮೇಲಿದ್ದೇನೆ ಎಂದುಕೊಂಡು ಸಂಬಳ ತೆಗೆದುಕೊಳ್ಳಬಹುದಿತ್ತು.

ರೈಲು ನಿಲ್ದಾಣದ ಕಡೆ ಚೌಕ ದಾಟುವಾಗ ಓಮರ್ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ನಡೆಯುತ್ತಿದ್ದ. ಒಂದು ಬೆಂಚಿನ ಹತ್ತಿರ ನಿಂತ.

"ಆಯಮ್ಮ ಒಳ್ಳೆಯವಳು ಕಣೆ," ಎಂದ. "ಹೆಮ್ಮೆ ಇದೆಯಾ ಅಂತ ಕೇಳಿದ್ಲು ನೋಡು. ಎಷ್ಟು ಹಿಡಿದೆ, ಎಷ್ಟಕ್ಕೆ ಮಾರ್ದೆ, ಚೀಟಿ ಎಲ್ಲಿ ಅಂತ ಕೇಳೋರೇ ಎಲ್ಲಾ. ಇದನ್ನ ಇದುವರೆಗೂ ಯಾರೂ ಕೇಳಿರಲಿಲ್ಲ. ನಿಮ್ಮಪ್ಪನ್ನೂ ಯಾರಾದ್ರೂ ಒಂದ್ಸಲ ಕೇಳಬೇಕಾಗಿತ್ತು."

ಲೀವೆ ಏನಾದರೂ ಹೇಳಿ ಅವನನ್ನು ರೈಲು ಹತ್ತಿಸಬಹುದಿತ್ತು. ಅದಕ್ಕೆ ಬೇಕಾದ ಮಾತುಗಳು ಅವಳಲ್ಲಿ ಸದಾ ಸಿದ್ಧವಾಗಿರುತ್ತಿದ್ದವು. ಆದರೆ ಅವಳು ಬೆಂಚಿನ ಮೇಲೆ ಕೂತಳು. ಆ ಹೆಂಗಸು ಅದನ್ನು ಕೇಳಲಿಲ್ಲ ಎಂದಳು. ಏನು ಕೇಳಿದಳೆಂದು ಹೇಳಿದಳು, ಮೊದಲು ಒಂದು ಸಾಲಿತ್ತೆಂದು ಹೇಳಿದಳು, ಅದು ಹೇಗೆ ಹೋಯಿತೆಂದು ಹೇಳಿದಳು. ಎಲ್ಲ ಮುಗಿಯುವ ತನಕ ಓಮರ್ ನಿಂತೇ ಇದ್ದ.

"ತೆಗೆಸಿದ್ದು ಯಾರು?"

"ನಾನೇ, ಮಾಮ."

ಅವನು ಬೈಯಲಿಲ್ಲ. ನೀಲಿ ಅಂಗಿಯನ್ನು ತಲೆಯ ಮೇಲಿಂದ ಎಳೆದು ತೆಗೆದ, ಅದು ಇನ್ನೊಬ್ಬರ ವಸ್ತುವೆಂಬಂತೆ ಅಚ್ಚುಕಟ್ಟಾಗಿ ಮಡಿಸಿ ಬೆಂಚಿನ ಮೇಲಿಟ್ಟ, ಕೋಟು ಹಾಕಿಕೊಂಡು ಗುಂಡಿ ಹಾಕಿಕೊಂಡ.

"ನಡಿ," ಎಂದ. "ವಾಪಸ್ ಕರ್ಕೊಂಡು ಹೋಗು. ಈ ಸಲ ನಾನು ಹೇಳಿದ್ದನ್ನ ಮಾತ್ರ ಹೇಳಬೇಕು. ಅವಳು ಹೇಳಿದ್ದನ್ನ ಮಾತ್ರ ನಂಗೆ ಹೇಳಬೇಕು. ಅಷ್ಟು ಬರುತ್ತಲ್ಲ ನಿಂಗೆ?"

ರಾಂತಾಕಾರಿಯ ಕಚೇರಿ ಮೇಲಿನ ಮಹಡಿಯಲ್ಲಿತ್ತು. ಬಾಗಿಲಲ್ಲಿ ಇವರಿಬ್ಬರನ್ನು ಕಂಡು ಅವಳಿಗೆ ಆಶ್ಚರ್ಯವಾಯಿತು. ಆದರೂ ಕುರ್ಚಿಯ ಮೇಲಿದ್ದ ಕಾಗದಗಳನ್ನು ತಾನೇ ಎತ್ತಿ ನೆಲಕ್ಕಿಟ್ಟು ಮುದುಕನನ್ನು ಕೂರಿಸಿದಳು. ಓಮರ್ ತೊಡೆಯ ಮೇಲೆ ಕೈಯಿಟ್ಟುಕೊಂಡು ಹೇಳಿದ. ತಾನು ಹೌದು ಎಂದದ್ದು ಬೇರೆ ಪ್ರಶ್ನೆಗೆ. ರಿಯಾಯಿತಿ ಬೇಡ ಎಂದು ತಾವು ಯಾರೂ ಹೇಳಿಲ್ಲ. ಆ ಸಾಲು ಇದ್ದಿದ್ದರೆ ತಾನು ಈ ಕಾನೂನಿನ ವಿರುದ್ಧ ಬಾಯಿ ಬಿಡುತ್ತಿರಲಿಲ್ಲ, ದೊಡ್ಡ ಬಲೆಗಳು ದೂರ ಇದ್ದಷ್ಟೂ ತನಗೆ ಒಳ್ಳೆಯದೇ. ಹೇಳುವುದು ಮುಗಿದ ಮೇಲೆ, "ಈ ಹುಡುಗಿ ಸುಳ್ಳು ಹೇಳಿದ್ಲು. ಅದನ್ನೂ ಹೇಳು," ಎಂದ.

ಲೀವೆ ಅದನ್ನೂ ಹೇಳಿದಳು. ಇಂಗ್ಲಿಷಿನಲ್ಲಿ ಆ ವಾಕ್ಯ ಬಹಳ ಚಿಕ್ಕದಾಗಿತ್ತು.

ರಾಂತಾಕಾರಿ ಅವಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಬೆಳಿಗ್ಗೆ ತಿಂದ ಬ್ರೆಡ್ಡಿನಲ್ಲಿ ಕೂದಲು ಇತ್ತೆಂದು ಈಗ ಗೊತ್ತಾದವಳ ನೋಟ ಅದು. ಆಮೇಲೆ ಓಮರನ ಕಡೆ ತಿರುಗಿ, ಆ ಸಾಲು ಬಂದೇ ಬರುತ್ತದೆಂದು ತಾನು ಮಾತು ಕೊಡಲಾರೆ, ಉಳಿದವರನ್ನು ಒಪ್ಪಿಸಬೇಕು, ಪ್ರಯತ್ನವಂತೂ ಮಾಡುತ್ತೇನೆ ಎಂದಳು. ಲೀವೆ ಅದನ್ನು ಏನೂ ಸಿಹಿ ಬೆರೆಸದೆ ಹೇಳಿದಳು.

ಇವರು ಎದ್ದು ನಿಂತಾಗ ರಾಂತಾಕಾರಿ ಕಂಪ್ಯೂಟರಿನ ಕಡೆ ಕೈ ತೋರಿಸಿದಳು. ತನ್ನನ್ನು ಯಾರು ಬಂದು ಕಂಡರೂ, ಯಾರ ಪರವಾಗಿ ಬಂದರೆಂಬುದನ್ನು ಅಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕೆಂಬ ನಿಯಮವಿತ್ತು. ಬೆಳಗಿನ ಉಪಾಹಾರಗಳನ್ನು ಈ ನಿಯಮದಿಂದ ಪಾರುಮಾಡುವ ದಾರಿಗಳೆಲ್ಲ ಲೀವೆಗೆ ಗೊತ್ತಿದ್ದವು.

"ಇವರದ್ದು ಸರಿ. ನೀವು ಯಾರ ಪರವಾಗಿ ಬಂದಿರಿ ಅಂತ ಬರೀಲಿ?" ಎಂದು ಕೇಳಿ, ದನಿ ಸ್ವಲ್ಪ ತಗ್ಗಿಸಿದಳು. "ಬೇಕಿದ್ರೆ ಅನುವಾದಕ್ಕೆ ಬಂದವರು ಅಂತ ಬರೀತೀನಿ. ಹೆಸರು ಬೇಕಾಗಲ್ಲ."

ಓಮರ್ ಏನೆಂದು ಕೇಳಿದ. ಲೀವೆ ಹೇಳಿದಳು.

"ನಾನು ನಮ್ಮೋರ ಪರವಾಗಿ ಬಂದಿದೀನಿ," ಎಂದ ಅವನು. "ನಿಂದು ನಿಂಗೇ ಗೊತ್ತು."

"ಕಚೇರಿಯ ಹೆಸರೇ ಬರೀರಿ," ಎಂದಳು ಲೀವೆ. "ನನ್ನ ಪೂರ್ತಿ ಹೆಸರೂ ಬರೀರಿ. ಗೊಡೆಲೀವ ಡೆಸೇವರ್."

"ಸಂಜೆಯೊಳಗೆ ನಿಮ್ಮವರು ಓದ್ತಾರೆ."

"ಓದ್ತಾರೆ."

ಪ್ಲಾಟ್‌ಫಾರಂನಲ್ಲಿ ರೈಲು ತಡವಾಗಿತ್ತು. ಒಂದೇ ಬೆಂಚಿನ ಎರಡು ತುದಿಗಳಲ್ಲಿ ಇಬ್ಬರೂ ಕುಳಿತರು. ಕ್ಷಮಿಸಿ ಎನ್ನಬೇಕೆಂದು ಲೀವೆ ಎರಡು ಸಲ ಬಾಯಿ ತೆರೆದಳು. ಆ ಮಾತನ್ನೂ ಹೇಗೆ ಹೇಳಿದರೆ ಕೆಲಸ ಮಾಡುತ್ತದೆ ಎಂದು ತಾನು ತೂಗಿ ನೋಡುತ್ತಿರುವುದು ಅರಿವಾಗಿ ಎರಡು ಸಲವೂ ಮುಚ್ಚಿದಳು. ಓಮರ್ ಹಳಿಗಳ ಆಚೆ ಗೋಡೆಯನ್ನು ನೋಡುತ್ತಿದ್ದ. ಊರಿಗೆ ಹೋಗಿ ಉಳಿದ ದೋಣಿಯವರಿಗೆಲ್ಲ ಇದನ್ನು ಹೇಳಬೇಕಾದವನು ಅವನೇ.

ಸ್ವಲ್ಪ ಹೊತ್ತಾದ ಮೇಲೆ ಅವನು ಚೀಲದಿಂದ ಹೆಂಡತಿ ಕಟ್ಟಿಕೊಟ್ಟಿದ್ದ ಪೊಟ್ಟಣ ತೆಗೆದ. ದಪ್ಪಗೆ ಬೆಣ್ಣೆ ಸವರಿದ ಬ್ರೆಡ್ಡು, ನಡುವೆ ತಣ್ಣಗಾದ ಆಮ್ಲೆಟ್ಟು. ಮೊಣಕಾಲ ಮೇಲೆ ಕಾಗದ ಬಿಡಿಸಿ ಎರಡು ಪಾಲು ಮಾಡಿದ. ಅವಳ ಕಡೆ ನೋಡಲಿಲ್ಲ. ಒಂದು ಪಾಲನ್ನು ಅರ್ಧ ಕಾಗದದಲ್ಲಿಟ್ಟು, ಬೆಂಚಿನ ಮೇಲೆ, ಅವಳ ಕೈಗೆಟಕುವಷ್ಟು ಆಚೆಗೆ ಸರಿಸಿದ.