ಅರ್ಜಿಯಲ್ಲಿ ಇಲ್ಲದ ಕಲ್ಲು

ಕುಕ್ಕುಂದೂರಿನ ದೂಮಪ್ಪನ ಗದ್ದೆಯ ನಡುವೆ ಅಕ್ಷರ ಕೆತ್ತಿದ ಕಲ್ಲೊಂದಿತ್ತು. ಉಳುವವರು ಅಲ್ಲಿಗೆ ಬಂದಾಗ ಎತ್ತು ತಿರುಗಿಸಿ, ಸುತ್ತ ನಾಲ್ಕು ಮೊಳ ಬಿಟ್ಟೇ ಮುಂದೆ ಹೋಗುತ್ತಿದ್ದರು. ಆರನೆಯ ಕ್ಲಾಸಿಗೇ ಶಾಲೆ ಬಿಟ್ಟ ಮಗಳು ಕಮಲ ಆ ಅಕ್ಷರಗಳನ್ನು ಬೆರಳಿನಿಂದ ಸವರುತ್ತಾ ಬೆಳೆದವಳು. ಆ ಹಳೆಯ ಲಿಪಿ ಓದಲು ಬರುತ್ತಿರಲಿಲ್ಲ, ಒಂದೆರಡು ಅಕ್ಷರ ಮಾತ್ರ ಪರಿಚಯದವು ಅನ್ನಿಸುತ್ತಿದ್ದವು.

ಎಂಬತ್ತೆರಡನೇ ಇಸವಿಯಲ್ಲಿ ಗದ್ದೆ ಸಮತಟ್ಟು ಮಾಡಿಕೊಡುವ ಯೋಜನೆ ಬಂತು. ಗ್ರಾಮಸೇವಕ ರಘುಪತಿ ಅರ್ಜಿ ಹಿಡಿದು ಬಂದರು. ಹಳೆಯ ಶಾಸನ ಇದ್ದರೆ ಅದರಲ್ಲಿ ಕಾಣಿಸಬೇಕು, ಅಷ್ಟು ಜಾಗ ಬಿಟ್ಟು ಉಳಿದದ್ದಕ್ಕೆ ಯಂತ್ರ ಬರುತ್ತದೆ, ಬಿಟ್ಟ ಜಾಗಕ್ಕೆ ಬದಲಾಗಿ ಬೀಜ, ಗೊಬ್ಬರ ಸಿಗುತ್ತದೆ ಎಂದರು.

ಯಾರೆದುರೂ ಬಾಯಿ ಬಿಡದ ಕಮಲ ಅಂದು ತಾನಾಗಿಯೇ ಅವರನ್ನು ಗದ್ದೆಗೆ ಕರೆದೊಯ್ದಳು. ತೆಂಗಿನ ಸಿಪ್ಪೆಯಿಂದ ಪಾಚಿ ಉಜ್ಜಿ, ಅಕ್ಷರಗಳಿಗೆ ಅಕ್ಕಿಹಿಟ್ಟು ತುಂಬಿ ತೋರಿಸಿದಳು. ರಘುಪತಿ ಚಪ್ಪಲಿ ಕಳಚಿ ನಿಂತರು. ಖಂಡಿತ ಬರೆಯುತ್ತೇನೆ ಎಂದರು. ಅಪ್ಪ ಹೆಬ್ಬೆಟ್ಟು ಒತ್ತುವಾಗ ಶಾಸನದ ಕಾಲಂ ಇನ್ನೂ ಖಾಲಿಯಿದ್ದದ್ದನ್ನು ಕಮಲ ಕಂಡಳು. ಕಲ್ಲಿನೆದುರು ಚಪ್ಪಲಿ ಕಳಚಿದವರನ್ನು ಕೇಳುವುದು ಹೇಗೆಂದು ಸುಮ್ಮನಾದಳು.

ಬೇಸಗೆಯಲ್ಲಿ ಬುಲ್ಡೋಜರ್ ಬಂತು. ಅದು ಕಲ್ಲಿನತ್ತ ನೇರವಾಗಿ ಬರುವುದನ್ನು ಕಂಡು ಕಮಲ ಎದುರು ಹೋಗಿ ನಿಂತಳು. ಡ್ರೈವರ್ ಅಲೆಕ್ಸ್ ಯಂತ್ರ ನಿಲ್ಲಿಸಿ ಕಾಗದ ಚಾಚಿದ. ಶಾಸನದ ಕಾಲಮಿನಲ್ಲಿ ‘ಇಲ್ಲ’ ಎಂದಿತ್ತು.

“ನನಗೆ ಕಾಗದದಲ್ಲಿ ಇದ್ದಷ್ಟೇ ಮಾರಾಯ್ತಿ,” ಎಂದ ಅಲೆಕ್ಸ್.

ಕಮಲ, ಅಪ್ಪನೊಂದಿಗೆ ಬದುವಿನಲ್ಲಿ ನಿಂತಿದ್ದ ರಘುಪತಿಯತ್ತ ತಿರುಗಿದಳು. ಅವರು ದೂಮಪ್ಪನ ಮುಖ ನೋಡಿದರು.

“ನಾನೇ ಹೇಳಿದ್ದು, ಇಲ್ಲ ಅಂತ ಬರೆಯಿರಿ ಅಂತ,” ಎಂದ ಅಪ್ಪ. “ಉಳುವವನಿಗೇ ಭೂಮಿ ಅಂತ ಕಾನೂನು ಬಂದಾಗ ಡಿಕ್ಲರೇಶನ್ ಕೊಟ್ಟು ಆರು ವರ್ಷ ಅಲೆದು ಸಿಕ್ಕಿದ ಭೂಮಿ. ಕಲ್ಲು ನೋಡಲಿಕ್ಕೆ ಬಂದವರು ಗದ್ದೆಯನ್ನೂ ಹಿಡಿದರೆ ನಾವು ಎಂತ ಮಾಡುವುದು?”

“ಗದ್ದೆ ಹೋಗುವುದಿಲ್ಲ ಅಂತ ಇವರು ಹೇಳಲಿಲ್ವಾ?”

ರಘುಪತಿ ಮೆಲ್ಲಗೆ, ಬರೆದಿದ್ದರೆ ತನಿಖೆಗೇ ಎರಡು ವರ್ಷ ಹಿಡಿಯುತ್ತಿತ್ತು, ಯಂತ್ರ ಬೇರೆ ಊರಿಗೆ ಹೋಗುತ್ತಿತ್ತು ಎಂದರು. ಇಬ್ಬರೂ ಎಂದೋ ಮಾತಾಡಿಕೊಂಡಾಗಿತ್ತು. ತನಗೆ ಮಾತ್ರ ತಿಳಿಸಿರಲಿಲ್ಲ.

ಅಪ್ಪ ಅವಳ ರಟ್ಟೆ ಹಿಡಿದು ಬದಿಗೆ ಸರಿಸಿದ. ಕಲ್ಲು ಬುಡ ಸಮೇತ ಎದ್ದು, ಅಡ್ಡಕ್ಕೆ ಎರಡಾಯಿತು.

ಮೂರನೆಯ ದಿನ ದೊಡ್ಡ ತುಂಡನ್ನು ಅಪ್ಪ ಬಾವಿಕಟ್ಟೆಯ ಬಳಿ ತಂದು, ಅಕ್ಷರ ಕೆಳಗಾಗಿ ಹಾಸಿದ.

“ನಿನಗೆ ಬಟ್ಟೆ ಒಗೆಯಲಿಕ್ಕೆ ಆಯ್ತಲ್ಲ ಮಗಾ,” ಎಂದ. ಆ ದನಿಯಲ್ಲಿ ಅಕ್ಕರೆಯೇ ಇತ್ತು.

ಕಮಲ ಅಪ್ಪನ ಪಂಚೆಯೊಂದನ್ನು ಬಿಟ್ಟು ಉಳಿದ ಬಟ್ಟೆಗಳನ್ನೆಲ್ಲ ಬುಟ್ಟಿಗೆ ತುಂಬಿ, ಅರ್ಧ ಮೈಲಿ ಆಚೆ ಹರಿಯುವ ತೋಡಿಗೆ ನಡೆದಳು.