ಬಿಲ್ಲು ನಿಂತರೆ ಬಾಗಿಲು

ಬಾಷಾ ಸಾಬನಿಗೆ ರೋಗವಿರಲಿಲ್ಲ. ಮಧುಗಿರಿಯ ಡಾಕ್ಟರು ಎದೆಗೂ ಬೆನ್ನಿಗೂ ಕೊಳವೆ ಇಟ್ಟು ಕೇಳಿ, ನಾಲಗೆ ಚಾಚಿಸಿ ನೋಡಿ, ಇದನ್ನೇ ಹೇಳಿದ್ದರು. ರೋಗವಿದ್ದಿದ್ದರೆ ಅವನಿಗೆ ಅನುಕೂಲವೇ ಆಗುತ್ತಿತ್ತು. ಔಷಧಿ ಕುಡಿಯಬಹುದಿತ್ತು, ನಾಲ್ಕು ಜನರಿಗೆ ಹೇಳಿಕೊಳ್ಳಬಹುದಿತ್ತು.

ಅವನು ಸಿರಾದ ಪಿಂಜಾರ. ಆಳೆತ್ತರದ ಬಿಲ್ಲು ಹೊತ್ತು ಹಳ್ಳಿಗೆ ಹೋಗಿ, ಅದರ ತಂತಿಗೆ ಮರದ ಕೊಡತಿಯಿಂದ ಹೊಡೆದು ಅರಳೆ ಹಿಂಜಿ, ಹಾಸಿಗೆ ತುಂಬಿ ಹೊಲಿದುಕೊಡುವುದು ಅಪ್ಪನಿಂದ ಬಂದ ಕಸುಬು. ಅಪ್ಪ ಬಿಟ್ಟುಹೋದ ಆಸ್ತಿಯೆಂದರೆ ಕೆಲವು ಊರುಗಳು. ಒಬ್ಬ ಪಿಂಜಾರನ ಊರಿಗೆ ಇನ್ನೊಬ್ಬ ಬಿಲ್ಲು ತರುತ್ತಿರಲಿಲ್ಲ. ಆದರೆ ಒಪ್ಪಿಕೊಂಡ ಮದುವೆ ಹಾಸಿಗೆಯನ್ನು ಅರ್ಧಕ್ಕೆ ಬಿಟ್ಟುಹೋದರೆ ಮುಗಿಯಿತು. ಅದನ್ನು ಯಾರು ಬಂದು ಮುಗಿಸುತ್ತಾರೋ ಊರು ಅವರದು.

ಹಿಂಜುವುದಕ್ಕೆ ಬಾಗಿಲು ಮುಚ್ಚಿದ ಕೋಣೆಯೇ ಬೇಕು. ಗಾಳಿಯಾಡಿದರೆ ಅರಳೆ ಊರ ಪಾಲು. ನಯಾಪೈಸೆ ಹೊಸದಾಗಿ ಬಂದ ವರ್ಷ, ಹುಲಿಕುಂಟೆಯ ಒಂದು ಮದುವೆ ಮನೆಯಲ್ಲಿ ಹೀಗೆ ಬಾಗಿಲು ಹಾಕಿಕೊಂಡು ಹಿಂಜುತ್ತಿದ್ದಾಗ ಎದೆ ಇದ್ದಕ್ಕಿದ್ದಂತೆ ಹೊಡೆದುಕೊಂಡಿತು. ಬೆರಳು ಜೋಮು ಹಿಡಿಯಿತು, ಯಾರೋ ಗಂಟಲು ಹಿಚುಕಿದಂತಾಯಿತು. ಸತ್ತೆ ಎಂದುಕೊಂಡು ಬೀದಿಗೆ ಓಡಿದ. ಬೀದಿಯಲ್ಲಿ ಸಾಯಲಿಲ್ಲ. ಹೊರಗೆ ಬಂದದ್ದರಿಂದಲೇ ಬದುಕಿದೆ ಎಂದು ತಿಳಿದ. ಆ ಕೋಣೆಯೊಳಕ್ಕೆ ಮತ್ತೆ ಕಾಲಿಡಲಾಗಲಿಲ್ಲ. ಹಾಸಿಗೆಯನ್ನು ಬೇರೊಬ್ಬ ಮುಗಿಸಿದ. ಹುಲಿಕುಂಟೆ ಹೋಯಿತು.

ಅರಳೆಯ ದೂಳು ಎಂದರು, ಮೂಗಿಗೆ ಬಟ್ಟೆ ಕಟ್ಟಿದ. ಪಿತ್ತ ಎಂದರು, ಜೀರಿಗೆ ಕಷಾಯ ಕುಡಿದ. ದೃಷ್ಟಿ ಎಂದರು, ದರ್ಗಾಕ್ಕೆ ಹೋಗಿ ತಾಯಿತ ಕಟ್ಟಿಸಿಕೊಂಡ. ಆಮೇಲೆ ಬಸ್ಸಿನಲ್ಲೂ ಎದೆ ಹೊಡೆದುಕೊಂಡಿತು, ಬಸ್ಸು ಬಿಟ್ಟ. ಮಸೀದಿಯಲ್ಲಿ ಮುಂದಿನ ಸಾಲಿನಲ್ಲಿದ್ದಾಗ ಹೊಡೆದುಕೊಂಡಿತು, ಹಿಂದಕ್ಕೆ, ಬಾಗಿಲ ಪಕ್ಕಕ್ಕೆ ಸರಿದ. ಬಿಟ್ಟಷ್ಟೂ ಅದು ಬೆನ್ನಿಗೇ ಬಂತು.

"ಇದು ಹೆದರಿಕೆ," ಎಂದಿದ್ದರು ಡಾಕ್ಟರು. "ಬಂದಾಗ ಓಡಬೇಡ. ಅಲ್ಲೇ ಕೂತು ನಿಧಾನವಾಗಿ ಉಸಿರು ಬಿಡು. ಅದು ಏರುತ್ತೆ, ಏರಿ ತಾನೇ ಇಳಿಯುತ್ತೆ. ಇಳಿಯೋದನ್ನ ನೀನು ಒಂದು ಸಲ ನೋಡಬೇಕು."

ಬಾಷಾ ಸಾಬನಿಗೆ ತಲೆಬುಡ ಗೊತ್ತಾಗಲಿಲ್ಲ. ಹಾವಿಗೆ, ಕತ್ತಲಿಗೆ ಹೆದರಿದವನಲ್ಲ ಅವನು. ಹೆದರುವುದಕ್ಕೆ ಆ ಕೋಣೆಯಲ್ಲಿದ್ದದ್ದಾದರೂ ಏನು? ಹತ್ತಿ. ಡಾಕ್ಟರಿಗೆ ತಿಳಿಯಲಿಲ್ಲವೋ, ತಾನು ಸುಳ್ಳು ಹೇಳುತ್ತಿದ್ದೇನೆಂದು ಅವರ ಅರ್ಥವೋ?

ಹೆಂಡತಿ ಹಮೀದಾಗೆ ಯಾವ ಗೊಂದಲವೂ ಇರಲಿಲ್ಲ. "ಡಾಕ್ಟ್ರಿಗೇನು, ಕುರ್ಚಿ ಮೇಲೆ ಕುಂತು ಹೇಳ್ತಾರೆ. ನಾನು ಬಾಗ್ಲಾಗೇ ಕುಂತಿರ್ತೀನಿ. ಬಿಲ್ಲಿನ ಸದ್ದು ನಿಂತ್ರೆ ತೆಗೀತೀನಿ," ಎಂದಳು. ಹಾಗೇ ಮಾಡಿದಳು. ಬಿಲ್ಲು ನಿಂತರೆ ಬಾಗಿಲು, ಬಾಗಿಲು ತೆರೆದೊಡನೆ ನೀರಿನ ಚೆಂಬು. ಕೆಲಸ ಹೇಗೋ ಸಾಗಿತು. ಆದರೆ ಆಕೆ ನೀರು ಸೇದಲು ಎದ್ದುಹೋದರೂ ಅವನು ಬಿಲ್ಲು ಬಿಟ್ಟು ಹೊರಗೆ ಬರುವ ಹಾಗಾಯಿತು.

ಅವನ ಪಾಲಿನ ಇನ್ನೊಂದು ಊರಾದ ಹೊಳವನಹಳ್ಳಿಯಲ್ಲಿ ಸಿದ್ದಗಂಗಮ್ಮನ ಮಗಳಿಗೆ ಮದುವೆ ಗೊತ್ತಾಗಿ ಹಾಸಿಗೆಗೆ ಹೇಳಿಕಳಿಸಿದರು. ಬಸ್ಸು ಬಿಟ್ಟಿದ್ದರಿಂದ ಗಂಡ ಹೆಂಡತಿ ಎರಡು ದಿನ ನಡೆದೇ ಹೋದರು. ಅಂಗಳದಲ್ಲಿ ಹಪ್ಪಳ ಒತ್ತುತ್ತಿದ್ದ ಹೆಂಗಸರ ಎದುರಿಗೇ ಸಿದ್ದಗಂಗಮ್ಮ ಕೇಳಿದಳು: "ಏನ್ ಸಾಬ್ರೇ, ಹೆಂಡ್ರುನ್ನ ಕಾವಲಿಗೆ ಕರ್ಕೊಂಡ್ ಬಂದಿದೀರಾ? ನಮ್ಮನೆ ಅರಳೆ ಕಚ್ಚಾಕಿಲ್ಲ ಕಣ್ರೀ."

ಹೆಂಗಸರು ನಕ್ಕರು. ಬಾಷಾ ಸಾಬನೂ ನಕ್ಕ. ಒಳಗೆ ಹೋಗುವಾಗ, ಇವತ್ತು ನಾನು ಕೂಗುವವರೆಗೆ ತೆಗೆಯಬೇಡ ಎಂದು ಹಮೀದಾಗೆ ಹೇಳಿದ. ಆಕೆ ತಲೆಯಾಡಿಸಿದಳು.

ಅರ್ಧ ಅರಳೆ ಹಿಂಜಿದ್ದ. ಅದು ಬಂತು. ಕೊಡತಿ ಕೆಳಗಿಟ್ಟು, ಬಿಲ್ಲು ಬಿಟ್ಟು, ಗೋಡೆಗೆ ಒರಗಿ ಕೂತ. ಉಸಿರು ಬಿಟ್ಟ. ಎದೆ ಏರಿತು, ಇನ್ನೂ ಏರಿತು, ಕಣ್ಣು ಕತ್ತಲಿಟ್ಟಿತು. ಓಡು ಎಂದು ಕಾಲು ಹೇಳುತ್ತಿತ್ತು. ಕೂತೇ ಇದ್ದ. ಒಂದು ಹಂತದಲ್ಲಿ ಅದು ನಿಂತಂತೆ ಅನಿಸಿತು. ಏರುತ್ತಿಲ್ಲ. ಕೂದಲೆಳೆಯಷ್ಟು ಇಳಿಯಿತೋ? ಅದನ್ನೇ ಗಮನವಿಟ್ಟು ನೋಡುತ್ತಿದ್ದ.

ಬಾಗಿಲು ತೆರೆಯಿತು. ಬೇಸಿಗೆಯ ಬಿರುಗಾಳಿ ಹಮೀದಾಗಿಂತ ಮೊದಲು ಒಳಕ್ಕೆ ನುಗ್ಗಿತು. ಹಿಂಜಿದ ಅರಳೆ ಮೇಲೆದ್ದು ಅಂಗಳಕ್ಕೆ, ಹಪ್ಪಳದ ಮೇಲಕ್ಕೆ, ತಿಪ್ಪೆಗೆ ಹಾರಿತು.

"ಯಾಕೆ ತೆಗ್ದೆ?"

"ಸದ್ದೇ ಇರ್ಲಿಲ್ವಲ್ಲ. ಎಷ್ಟೊತ್ತೂಂತ ಕಾಯ್ಲಿ?"

"ಇಳೀತಿತ್ತು ಕಣೇ."

"ಏನು ಇಳೀತಿತ್ತು?"

ಅವನು ಎದ್ದು ಅಂಗಳಕ್ಕೆ ಬಂದ. ನಿಜವಾಗಿ ಇಳಿಯುತ್ತಿತ್ತೋ, ಬಾಗಿಲು ಅಲುಗಿದ ಸದ್ದು ಕಿವಿಗೆ ಬಿದ್ದು ಹಾಗನಿಸಿತೋ? ಎರಡೂ ಒಂದೇ ಗಳಿಗೆಯಲ್ಲಿ ಆಗಿತ್ತು. ಈಗ ಎದೆ ಶಾಂತವಾಗಿತ್ತು. ಯಾವುದರಿಂದ ಎಂದು ತಿಳಿಯುವಂತಿರಲಿಲ್ಲ.

ಉಳಿದ ಅರಳೆ ಹಿಂಜಲು ಹೊಸ್ತಿಲವರೆಗೆ ಹೋದ. ಬಾಗಿಲು ತೆಗೆಯದಿದ್ದರೆ ಸಾಯುತ್ತಿದ್ದೆನೇನೋ ಎಂಬ ಯೋಚನೆ ಬಂತು. ಇಲ್ಲವೇನೋ ಎಂಬುದೂ ಬಂತು. ಕಾಲು ಮಾತ್ರ ಹೊಸ್ತಿಲು ದಾಟಲಿಲ್ಲ. ಸಿದ್ದಗಂಗಮ್ಮ ಕಾದಳು, ಬೈಯಲಿಲ್ಲ. ಮದುವೆ ಹತ್ತಿರ ಬಂದಿದೆ ಸಾಬ್ರೇ ಎಂದಷ್ಟೇ ಹೇಳಿ, ಕೊರಟಗೆರೆಯ ಪಿಂಜಾರ ಹಿದಾಯತುಲ್ಲಾನಿಗೆ ಆಳು ಕಳಿಸಿದಳು. ಅವನು ಬಸ್ಸಿನಲ್ಲಿ ಬಂದು, ಬಾಗಿಲು ಹಾಕಿಕೊಂಡು, ಸಂಜೆಯೊಳಗೆ ಹಾಸಿಗೆ ಹೊಲಿದು ಕೊಟ್ಟ.

ಹೋದದ್ದು ನಾಲ್ಕು ಸೇರು ಅರಳೆ, ಎರಡು ಊರು.