ತಮ್ಮ ವಿಷಯ ಬಂದಾಗ

ಸಂಸತ್ ಭವನದ ಹೊರಜಗಲಿಯಲ್ಲಿ ಉದ್ದನೆಯದೊಂದು ತೇಗದ ಬೆಂಚಿತ್ತು. ತಲೆಮಾರುಗಳ ಸದಸ್ಯರು ಕೂತು ಕೂತು ಅದರ ನಡುಭಾಗ ನುಣುಪಾಗಿತ್ತು. ಸದನದಲ್ಲಿ ತನ್ನ ಸ್ವಂತ ವಿಷಯ ಚರ್ಚೆಗೆ ಬಂದರೆ ಆ ಸದಸ್ಯ ಎದ್ದು ಹೋಗಿ, ಮತದಾನ ಮುಗಿಯುವವರೆಗೆ ಅಲ್ಲಿ ಕೂರಬೇಕು. ಬರೆದಿಟ್ಟ ನಿಯಮವೇನಲ್ಲ, ಹಿಂದಿನಿಂದ ಬಂದ ಪದ್ಧತಿ. ನಮ್ಮವರು ಬೇರೆ ಏನನ್ನು ಮುರಿದರೂ ಇದನ್ನು ಮಾತ್ರ ಮುರಿಯುತ್ತಿರಲಿಲ್ಲ. ಒಮ್ಮೆ ಅಕ್ಕಿ ಗಿರಣಿಗಳ ತೆರಿಗೆಯ ಮಾತು ಬಂದಾಗ ಅರ್ಧ ಸದನವೇ ಹೊರಬಿದ್ದು, ಬೆಂಚು ಸಾಲದೆ ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ತಿಂದಿತ್ತು.

ನಾನಾಗ ಹೊಸ ಸದಸ್ಯ. ನನ್ನ ಕ್ಷೇತ್ರದ ಹಾಲಮ್ಮ ಅಧಿವೇಶನ ನಡೆದಾಗಲೆಲ್ಲ ಬಂದು ಮೇಲಿನ ಗ್ಯಾಲರಿಯಲ್ಲಿ ಕೂರುತ್ತಿದ್ದಳು. ದೋಣಿ ನಡೆಸುತ್ತಿದ್ದ ಅವಳ ಮಗನನ್ನು ಪೊಲೀಸರು ಹೊಳೆದಂಡೆಯಿಂದ ಕರೆದೊಯ್ದಿದ್ದರು, ಊರೆಲ್ಲ ನೋಡುತ್ತಿರುವಾಗಲೇ. ಅಂಥ ಮನುಷ್ಯನೇ ಇಲ್ಲ ಎಂದಿತು ಸರ್ಕಾರ. ಕೋರ್ಟು ಅದನ್ನೇ ನಂಬಿತು. ಕೊನೆಗೆ ಅವಳ ದೂರು, ದೇಶದೇಶಗಳು ಕೂಡಿ ನಡೆಸುವ ಮಾನವ ಹಕ್ಕುಗಳ ಮಂಡಳಿಗೆ ಹೋಗಿ ಅಲ್ಲೇ ಬಿದ್ದಿತ್ತು. ಬೀಳದೆ ಏನು? ಯಾರ ಮೇಲೆ ದೂರೋ ಅವರೇ ಅಲ್ಲಿ ತೀರ್ಪು ಹೇಳಲು ಕೂರುತ್ತಿದ್ದರು. ಅವರಲ್ಲಿ ನಮ್ಮ ದೇಶದವರೂ ಇದ್ದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ನಾನೊಂದು ನಿರ್ಣಯ ಮಂಡಿಸಿದೆ. ಆ ಮಂಡಳಿ ಸುಧಾರಿಸಬೇಕು; ತನ್ನ ಮೇಲಿನ ದೂರು ವಿಚಾರಣೆಗೆ ಬಂದಾಗ ಆಯಾ ದೇಶ, ನಮ್ಮ ಪದ್ಧತಿಯಂತೆ, ಎದ್ದು ಹೊರಗೆ ಹೋಗಬೇಕು. ಹಾಲಮ್ಮನ ಹೆಸರನ್ನು ಬೇಕೆಂದೇ ಎತ್ತಲಿಲ್ಲ.

ವಿದೇಶಾಂಗ ಮಂತ್ರಿ ಭುಜಂಗರಾಯರು ಹಿಗ್ಗಿ ಹೀರೇಕಾಯಿಯಾದರು. "ಭೇಷ್! ಆ ನೆರೆದೇಶದವರ ಬಾಯಿ ಮುಚ್ಚಿಸೋದಕ್ಕೆ ಇಂಥದ್ದೇ ಬೇಕಾಗಿತ್ತು" ಎಂದು ಮೇಜು ಕುಟ್ಟಿದರು. ಆಳುವ ಪಕ್ಷವೆಲ್ಲ ಕುಟ್ಟಿತು. ತಮ್ಮ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ನೋಡುವ ಜನ. ಅವರಿಗೆ ತಮ್ಮ ತಟ್ಟೆ ಕಾಣದಿರಲಿ ಎಂದೇ ನನ್ನ ಪ್ರಾರ್ಥನೆ.

ಸಭಾಧ್ಯಕ್ಷ ಗಂಗೋಜಿಯವರು ಇನ್ನೇನು ಮತಕ್ಕೆ ಹಾಕಬೇಕು, ಗ್ಯಾಲರಿಯಲ್ಲಿ ಹಾಲಮ್ಮ ಎದ್ದು ನಿಂತಳು.

"ಸ್ವಾಮೀ, ಅಂಗಾರೆ ನನ್ ಮಗನ್ ಇಚಾರ ಬಂದಾಗ ನಮ್ಮೋರೂ ಎದ್ದೋಯ್ತಾರಾ?"

ಇವಳಿಗಾಗಿಯೇ ಕಟ್ಟಿದ್ದನ್ನು ಇವಳೇ ಕೆಡವಿದಳಲ್ಲ ಎಂದು ನನಗೆ ಸಿಟ್ಟು ಬಂತು. ರಾಯರ ಮುಖ ಇಳಿಯಿತು. ಮಂತ್ರಿಗಳ ಸಾಲಿನಲ್ಲಿ ಗುಸುಗುಸು ಎದ್ದಿತು. ಅವರೆಲ್ಲ ಕೈಯೆತ್ತಿ ವಿರೋಧಿಸಿದರೆ ನಿರ್ಣಯ ಬಿದ್ದಂತೆಯೇ.

"ಗ್ಯಾಲರೀಲಿ ಮಾತಾಡೋ ಹಾಗಿಲ್ಲ, ಕೂತ್ಕೋ ತಾಯಿ" ಎಂದರು ಗಂಗೋಜಿಯವರು. ಕನ್ನಡಕ ತೆಗೆದು ನಿಧಾನವಾಗಿ ಒರೆಸಿಕೊಂಡರು. "ಆದರೆ ಆಡಿದ ಮಾತು ಕಿವಿಗೆ ಬಿದ್ದಾಯ್ತು. ರಾಯರೇ, ಈಗ ಇದು ಸರ್ಕಾರದ ಸ್ವಂತ ವಿಷಯ ಆಯ್ತಲ್ಲ?"

ರಾಯರು ಬಾಗಿಲಾಚೆಯ ಬೆಂಚಿನತ್ತ ನೋಡಿದರು. ಆ ಬೆಂಚಿನ ಮೇಲೆ ಅವರ ತಂದೆಯೂ ಕೂತು ಬಂದವರೇ. ಶಲ್ಯ ಹೆಗಲಿಗೇರಿಸಿ ಎದ್ದು ಹೊರಗೆ ನಡೆದರು. ಉಳಿದ ಮಂತ್ರಿಗಳೂ ಗೊಣಗುತ್ತ ಹಿಂದೆಯೇ ಹೋದರು. ಒಳಗಿದ್ದವರ ಮತದಿಂದ ನಿರ್ಣಯ ಗೆದ್ದಿತು. ಮಂಡಳಿ ಅದಕ್ಕೆ ಕಿವಿಗೊಡಲು ಮುಂದೆ ವರ್ಷಗಳೇ ಹಿಡಿದವು, ಆ ಮಾತು ಬೇರೆ.

ನಾನು ಹೊರಗೆ ಬರುವಷ್ಟರಲ್ಲಿ ಹಾಲಮ್ಮ ರಾಯರ ಎದುರು ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಅಷ್ಟರಲ್ಲಿ ರಾಯರೇ ಬೆಂಚಿನಿಂದ ಎದ್ದು ನಿಂತು ಕೇಳಿದರು:

"ಮಗನ ಹೆಸರೇನಮ್ಮ?"

"ಕರಿಬಸವ. ಅಂಗೊಬ್ಬ ಇಲ್ಲವೇ ಇಲ್ಲ ಅಂದ್ಬುಟ್ರಲ್ಲ ಸ್ವಾಮಿ. ನಿಮ್ ಬಾಯಲ್ಲಿ ಒಂದ್ಸಲ ಅವನೆಸ್ರು ಅನ್ನಿ."

ರಾಯರು ಅಕ್ಕಪಕ್ಕ ನೋಡಿದರು. ಮಂತ್ರಿಗಳೆಲ್ಲ ಕೇಳುತ್ತಿದ್ದರು.

"ಕರಿಬಸವ" ಎಂದರು.

ಹಾಲಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಅಷ್ಟು ಕಾಲದಲ್ಲಿ ಅವಳು ಅತ್ತದ್ದನ್ನು ನಾನು ಕಂಡದ್ದು ಅಂದೇ ಮೊದಲು. ಅವಳ ಅಳು ನಿಲ್ಲುವವರೆಗೆ ರಾಯರು ಕೂರಲಿಲ್ಲ.